ಮೈ ಬೆಚ್ಚಗಿದ್ದರೆ ಕೈ ಬೆಚ್ಚಗೆ

ಕಾಶಿ ಎಂದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮೂಡುವುದು ಗಂಗಾಸ್ನಾನ, ವಿಶ್ವನಾಥನ ದರ್ಶನ ಮತ್ತು ಬೇಸಿಗೆಯ ಉರಿಬಿಸಿಲು. ಅಲ್ಲಿಯ ಚಳಿಯನ್ನು ಕುರಿತು ಊರಿನಲ್ಲಿ ಯಾರೂ ಎಚ್ಚರಿಕೆ ಹೇಳಿ ಕಳುಹಿಸುವುದಿಲ್ಲ. ಯಾತ್ರಿಕನಾಗಿ ನಾಲ್ಕು ದಿನ ಇದ್ದು ಬರುವವನಿಗೆ ಅದರ ಅಗತ್ಯವೂ ಇರಲಾರದು. ಆದರೆ ಉದ್ಯೋಗಕ್ಕಾಗಿಯೋ ವಿದ್ಯಾಭ್ಯಾಸಕ್ಕಾಗಿಯೋ ವರ್ಗಾವಣೆಯ ನಿಮಿತ್ತವೋ ಅಲ್ಲಿಗೆ ಹೋಗಿ ನೆಲೆಸಿದವನಿಗೆ ಮೊದಲನೆಯ ಡಿಸೆಂಬರಿನಲ್ಲಿಯೇ ಪಾಠವಾಗುತ್ತದೆ. ಆ ಪಾಠ ಮೊದಲು ತಿಳಿಯುವುದು ಅವನ ಬೆರಳುಗಳಿಗೆ.

ಗೊದೌಲಿಯಾದಿಂದ ದಕ್ಷಿಣಕ್ಕೆ ಹೊರಟರೆ ಜಂಗಮವಾಡಿ, ಮದನಪುರಗಳನ್ನು ದಾಟಿ ಸೋನಾರ್‌ಪುರ ಸಿಗುತ್ತದೆ. ಜಂಗಮವಾಡಿ ಮಠದಿಂದಾಗಿಯೂ, ಹಿಂದಿನ ಮೈಸೂರು ಸಂಸ್ಥಾನವು ಗಂಗೆಯ ದಡದಲ್ಲಿ ಕಟ್ಟಿಸಿದ ಘಾಟಿನಿಂದಾಗಿಯೂ ಈ ಸುತ್ತಿನ ಬೀದಿಗಳು ಕನ್ನಡಿಗರಿಗೆ ಹೊಸವಲ್ಲ. ಕೇದಾರ ಘಾಟ್, ಹರಿಶ್ಚಂದ್ರ ಘಾಟ್‌ಗಳಿಗೆ ಅಲ್ಲಿಂದ ಕಾಲ್ನಡಿಗೆಯ ದಾರಿ. ಈ ಭಾಗದಲ್ಲಿ ಗಂಗೆಯು ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಘಾಟುಗಳು ಪಶ್ಚಿಮ ದಡದಲ್ಲಿದ್ದು ಪೂರ್ವಕ್ಕೆ ಮುಖ ಮಾಡಿವೆ. ಆದುದರಿಂದ ಮಂಜಿಲ್ಲದ ಬೆಳಗಿನಲ್ಲಿ ಸೂರ್ಯನ ಮೊದಲ ಕಿರಣಗಳೆಲ್ಲ ಮೆಟ್ಟಿಲುಗಳ ಪಾಲು. ಅವುಗಳ ಹಿಂದೆಯೇ ಇರುವ ಇಕ್ಕಟ್ಟಾದ ಗಲ್ಲಿಗಳಿಗೆ ಆ ಭಾಗ್ಯವಿಲ್ಲ. ಎತ್ತರದ ಮನೆಗಳ ನಡುವೆ ಬಿಸಿಲು ನೆಲಕ್ಕೆ ಇಳಿಯುವುದೇ ಅಪರೂಪ. ಬೇಸಿಗೆಯಲ್ಲಿ ತಂಪು ನೀಡುವ ದಪ್ಪ ಗೋಡೆಗಳೂ ಕಲ್ಲುಹಾಸಿನ ನೆಲವೂ ಚಳಿಗಾಲದಲ್ಲಿ ಮೈಯ ಶಾಖವನ್ನು ಹೀರಲು ನಿಲ್ಲುತ್ತವೆ.

ಜನವರಿಯಲ್ಲಿ ಅಲ್ಲಿಯ ರಾತ್ರಿಯ ಉಷ್ಣತೆ 8–9 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಸಾಮಾನ್ಯ. ಇನ್ನೂ ಕಷ್ಟವಾದುದು ಮಂಜು ಕವಿದ ಹಗಲು. ಬಯಲು ಪ್ರದೇಶಗಳಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದು, ಹಗಲಿನ ಗರಿಷ್ಠ ಉಷ್ಣತೆಯು ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕೆಳಗಿಳಿದರೆ ಅದನ್ನು ಭಾರತೀಯ ಹವಾಮಾನ ಇಲಾಖೆಯು ‘ಶೀತಲ ದಿನ’ವೆಂದು ಗುರುತಿಸುತ್ತದೆ. ಇಂಥ ದಿನಗಳು ಒಂದರ ಹಿಂದೊಂದು ಬಂದಾಗ ಕಲ್ಲಿನ ಮನೆಯೊಳಗೆ ಕುಳಿತು ದುಡಿಯುವವನಿಗೆ ಹಗಲೂ ರಾತ್ರಿಯೂ ಒಂದೇ.

ಹೀಗೆ ಕುಳಿತು ದುಡಿಯುವವರ ಸಂಖ್ಯೆ ಈಗ ಅಲ್ಲಿ ಚಿಕ್ಕದಲ್ಲ. ಬ್ಯಾಂಕಿನ ಗುಮಾಸ್ತನಿಂದ ಹಿಡಿದು ರೈಲ್ವೆ ಟಿಕೆಟ್ ಮಾಡಿಸಿಕೊಡುವ ಅಂಗಡಿಯವನವರೆಗೆ, ಪ್ರಬಂಧ ಬರೆಯುವ ವಿದ್ಯಾರ್ಥಿಯಿಂದ ಹಿಡಿದು ಮನೆಯಿಂದಲೇ ಕಂಪನಿಯ ಕೆಲಸ ಮಾಡುವ ಗೃಹಿಣಿಯವರೆಗೆ ಎಲ್ಲರ ಮುಂದೆಯೂ ಗಣಕಯಂತ್ರವಿದೆ. ಮದನಪುರದ ಹೆಸರಾಂತ ರೇಷ್ಮೆ ಸೀರೆಯ ನಕ್ಷೆ ಕೂಡ ಇಂದು ಬಹುಮಟ್ಟಿಗೆ ಗಣಕಯಂತ್ರದ ಮೇಲೆಯೇ ರೂಪುಗೊಳ್ಳುತ್ತದೆ. ಮಗ್ಗದ ಮುಂದೆ ಕುಳಿತವನ ಕೈಕಾಲುಗಳಾದರೂ ಆಡುತ್ತಿರುತ್ತವೆ. ಗಣಕಯಂತ್ರದ ಮುಂದೆ ಕುಳಿತವನದು ಬೆರಳ ತುದಿಗಳ ಹೊರತು ಬೇರೇನೂ ಅಲುಗದು. ಚಳಿಗೆ ಬೇಕಾದುದು ಇಂಥ ನಿಶ್ಚಲತೆಯೇ.

ಕೈ ತಣ್ಣಗಾಗುವುದೇಕೆ?

ದೇಹದ ಲೆಕ್ಕಾಚಾರವು ಬ್ಯಾಂಕಿನ ಲೆಕ್ಕಾಚಾರದಂತೆಯೇ ಇದೆ. ಹೃದಯ, ಮೆದುಳು, ಯಕೃತ್ತು, ಮೂತ್ರಪಿಂಡಗಳೆಂಬ ಪ್ರಧಾನ ಕಚೇರಿಯಲ್ಲಿ ಸುಮಾರು 37 ಡಿಗ್ರಿ ಶಾಖವೆಂಬ ಠೇವಣಿ ಸದಾ ಇರಲೇಬೇಕು. ಹೊರಗೆ ಚಳಿ ಹೆಚ್ಚಿ ಶಾಖದ ವೆಚ್ಚ ಏರಿದೊಡನೆ ಪ್ರಧಾನ ಕಚೇರಿಯು ದೂರದ ಶಾಖೆಗಳಿಗೆ ಕಳುಹಿಸುವ ಹಣವನ್ನು ತಡೆಹಿಡಿಯುತ್ತದೆ. ಕೈಬೆರಳು, ಕಾಲ್ಬೆರಳು, ಕಿವಿ, ಮೂಗಿನ ತುದಿಗಳೇ ಆ ದೂರದ ಶಾಖೆಗಳು. ಅಲ್ಲಿಯ ಸಣ್ಣ ರಕ್ತನಾಳಗಳು ಸಂಕುಚಿತವಾಗುತ್ತವೆ, ಬೆಚ್ಚನೆಯ ರಕ್ತದ ಹರಿವು ಕ್ಷೀಣಿಸುತ್ತದೆ, ಬೆರಳು ತಣ್ಣಗಾಗುತ್ತದೆ. ಇದು ರೋಗವಲ್ಲ, ದೇಹದ ವಿವೇಕ.

ಇದರಿಂದ ಒಂದು ಮುಖ್ಯ ಮಾತು ಸ್ಪಷ್ಟವಾಗುತ್ತದೆ. ಕೈ ತಣ್ಣಗಿದೆಯೆಂದು ಕೈಯನ್ನು ಮಾತ್ರ ಕಾಯಿಸುವುದು ಶಾಖೆಗೆ ಒಂದು ದಿನದ ಸಾಲ ಕೊಟ್ಟಂತೆ. ಪ್ರಧಾನ ಕಚೇರಿಯ ಕೊರತೆ ನೀಗುವವರೆಗೆ ಆ ಸಾಲ ನಿಲ್ಲದು. ಎದೆ, ಬೆನ್ನು, ಕುತ್ತಿಗೆ, ತಲೆ, ಪಾದಗಳು ಬೆಚ್ಚಗಾದರೆ ದೇಹವು ತಾನಾಗಿಯೇ ಬೆರಳುಗಳಿಗೆ ರಕ್ತವನ್ನು ಬಿಡುಗಡೆ ಮಾಡುತ್ತದೆ. ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆ ಚಳಿಗೂ ಸಲ್ಲುತ್ತದೆ.

ಇನ್ನೊಂದು ಸಂಗತಿ ಅನೇಕರಿಗೆ ತಿಳಿಯದು. ಬೆರಳುಗಳನ್ನು ಮಡಿಸಿ ಬಿಡಿಸುವ ಮುಖ್ಯ ಸ್ನಾಯುಗಳು ಬೆರಳುಗಳಲ್ಲಿಲ್ಲ. ಅವು ಮೊಣಕೈಗೂ ಮಣಿಕಟ್ಟಿಗೂ ನಡುವಣ ಮುಂಗೈಯಲ್ಲಿವೆ. ಅಲ್ಲಿಂದ ಹುರಿಗಳಂತೆ ಹೊರಟ ಸ್ನಾಯುರಜ್ಜುಗಳು ಬೆರಳುಗಳನ್ನು ಆಡಿಸುತ್ತವೆ. ಆದುದರಿಂದ ತೋಳನ್ನು ಮೊಣಕೈಯವರೆಗೆ ಮಡಿಚಿ, ಅಂಗೈಯನ್ನಷ್ಟೇ ಉಜ್ಜಿಕೊಳ್ಳುವುದು ಅರ್ಧ ಉಪಚಾರ.

ಸಣ್ಣ ವಿಷಯವೇ?

“ಚಳಿಗಾಲದಲ್ಲಿ ಕೈ ತಣ್ಣಗಾಗದೆ ಇನ್ನೇನಾದೀತು?” ಎಂದು ನಗುವವರಿದ್ದಾರೆ. ಚಳಿಯ ಬಗ್ಗೆ ದೂರುವುದು ಸುಕುಮಾರತನವೆಂದು ಭಾವಿಸುವ ಮೇಲಧಿಕಾರಿಗಳೂ ಇದ್ದಾರೆ. ಈ ಭಾವನೆ ಸರಿಯಲ್ಲ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದಾಗ ಕೈಚಳಕ ಗಮನಾರ್ಹವಾಗಿ ಕುಗ್ಗುತ್ತದೆ. ಇನ್ನೂ ಇಳಿದಂತೆ ಸ್ಪರ್ಶಜ್ಞಾನವೂ ಮಂದವಾಗುತ್ತದೆ. ಒತ್ತಿದ ಕೀಲಿ ಒತ್ತಿತೋ ಇಲ್ಲವೋ ಬೆರಳಿಗೆ ತಿಳಿಯದು. ಒಂದು ಸೊನ್ನೆ ಹೆಚ್ಚಾಗಿ ಬೀಳುತ್ತದೆ. ಐದರ ಬದಲು ಆರು ಬೀಳುತ್ತದೆ. ಹಿಂದೆ ಲೆಡ್ಜರಿನಲ್ಲಿ ತಪ್ಪಾದರೆ ಸಂಜೆಯ ತಾಳೆಯಲ್ಲಿ ಸಿಕ್ಕಿಬೀಳುತ್ತಿತ್ತು. ಇಂದು ಗುಂಡಿಯೊತ್ತಿದ ಕ್ಷಣದಲ್ಲಿಯೇ ಹಣವು ಬೇರೊಬ್ಬರ ಖಾತೆಗೆ ಸೇರಿರುತ್ತದೆ. ಆಗ ಕಾರಣ ಕೇಳುವ ಪತ್ರ ಬರುವುದು ಗುಮಾಸ್ತನಿಗೇ ಹೊರತು ಚಳಿಗಲ್ಲ.

ಈ ವಿಷಯದಲ್ಲಿ ಪರದೇಶದ ಒಂದು ಅಧ್ಯಯನ ಗಮನಾರ್ಹವಾದುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಅಲನ್ ಹೆಜ್ ಅವರು 2004ರಲ್ಲಿ ಫ್ಲಾರಿಡಾದ ವಿಮಾ ಕಚೇರಿಯೊಂದರ ಅನುಭವವನ್ನು ವರದಿ ಮಾಡಿದರು. ಕೋಣೆಯ ಉಷ್ಣತೆಯನ್ನು 20 ಡಿಗ್ರಿಯಿಂದ 25 ಡಿಗ್ರಿಗೆ ಏರಿಸಿದಾಗ ಟೈಪು ಮಾಡುವಲ್ಲಿಯ ತಪ್ಪುಗಳು ಶೇಕಡ 44ರಷ್ಟು ಕಡಿಮೆಯಾದುವು. ಕೆಲಸದ ಪ್ರಮಾಣ ಶೇಕಡ 150ರಷ್ಟು ಹೆಚ್ಚಿತು. ಒಂದು ಕಚೇರಿಯ ಅಂಕಿಗಳನ್ನು ಎಲ್ಲೆಡೆಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಅಲ್ಲಿ ‘ಚಳಿ’ ಎನಿಸಿಕೊಂಡದ್ದು 20 ಡಿಗ್ರಿ ಎಂಬುದನ್ನು ನೆನೆದರೆ ಸೋನಾರ್‌ಪುರದ ಗಲ್ಲಿಯೊಳಗಿನ ಕೋಣೆಯಲ್ಲಿ ದುಡಿಯುವವನ ಪಾಡು ಅರ್ಥವಾದೀತು. ಬ್ರಿಟನ್ನಿನಲ್ಲಿ ಕುಳಿತು ಮಾಡುವ ಕೆಲಸದ ಕೋಣೆಗೆ ಸಾಮಾನ್ಯವಾಗಿ ಕನಿಷ್ಠ 16 ಡಿಗ್ರಿ ಇರಬೇಕೆಂದು ಮಾರ್ಗಸೂಚಿಯಿದೆ. ಚಳಿಯನ್ನು ಬಲ್ಲ ದೇಶವು ಅದನ್ನು ದುಡಿಮೆಯ ನಿಯಮವಾಗಿ ಕಂಡಿದೆ, ದುಡಿಯುವವನ ದೌರ್ಬಲ್ಯವಾಗಿ ಅಲ್ಲ.

ಬೋರಸಿಯ ಅಪಾಯ

ಪೂರ್ವ ಉತ್ತರ ಪ್ರದೇಶದ ಮನೆಗಳಲ್ಲಿ ಚಳಿಗಾಲದ ಸಂಗಾತಿಯೆಂದರೆ ಬೋರಸಿ. ಕೆಂಡ ತುಂಬಿದ ಮಣ್ಣಿನ ಪಾತ್ರೆ. ಬಯಲಿನಲ್ಲಿ, ಜಗುಲಿಯಲ್ಲಿ ಅದರ ಸುತ್ತ ಕುಳಿತು ಹರಟುವುದರಲ್ಲಿ ಸೊಗಸಿದೆ. ಆದರೆ ಕೈ ಕಾಯಿಸಿಕೊಳ್ಳುತ್ತ ಕೆಲಸ ಮಾಡೋಣವೆಂದು ಅದನ್ನು ಮುಚ್ಚಿದ ಕೋಣೆಯೊಳಗೆ, ಮೇಜಿನ ಕೆಳಗೆ ತಂದಿಟ್ಟುಕೊಳ್ಳುವುದು ಪ್ರಾಣಾಪಾಯಕರ. ಉರಿಯುವ ಇದ್ದಲು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ತಲೆಸುತ್ತು, ಓಕರಿಕೆ, ಮಂಪರು. ಮಂಪರು ನಿದ್ದೆಯಂತೆ ತೋರುತ್ತದೆ, ಆ ನಿದ್ದೆಯಿಂದ ಏಳದವರೂ ಉಂಟು. ಪ್ರತಿ ಚಳಿಗಾಲದಲ್ಲಿಯೂ ಉತ್ತರ ಭಾರತದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಬರುತ್ತದೆ. ದಕ್ಷಿಣದಿಂದ ಹೊಸದಾಗಿ ಬಂದವರು ಈ ಅಪಾಯವನ್ನು ಅರಿಯದವರಾದುದರಿಂದ ಹಿರಿಯರು ಮೊದಲ ವರ್ಷವೇ ತಿಳಿಹೇಳಬೇಕು. ಕೆಂಡ ಕೋಣೆಯೊಳಗೆ ಬರಬಾರದು. ಬಂದ ಕೋಣೆಯಲ್ಲಿ ತಲೆ ನೊಂದರೆ ಕೂಡಲೆ ಎಲ್ಲರೂ ಹೊರಗಿನ ಗಾಳಿಗೆ ಬಂದು ವೈದ್ಯರನ್ನು ಕಾಣಬೇಕು.

ವಿದ್ಯುತ್ ಹೀಟರಿನಲ್ಲಿ ಈ ಅನಿಲದ ಭಯವಿಲ್ಲ, ಬೇರೆ ಭಯವಿದೆ. ಹಳೆಯ ಮನೆಗಳ ತಂತಿಗಳು ಅದರ ಭಾರವನ್ನು ತಾಳಲಾರವು. ಗಣಕಯಂತ್ರ ಮತ್ತು ಹೀಟರುಗಳನ್ನು ಒಂದೇ ವಿಸ್ತರಣ ತಂತಿಗೆ ಸಿಕ್ಕಿಸಬಾರದು. ರಜಾಯಿ, ಪರದೆಗಳಿಂದ ಹೀಟರನ್ನು ದೂರವಿಡಬೇಕು. ಮಲಗುವ ಮುನ್ನ ಆರಿಸಬೇಕು.

ಸುಲಭವಾದ ಕ್ರಮಗಳು

ಹೆಚ್ಚು ವೆಚ್ಚವಿಲ್ಲದ ಕೆಲವು ಕ್ರಮಗಳು ಎಲ್ಲರ ಕೈಗೂ ಎಟುಕುವಂಥವು.

ಒಂದೇ ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಮೂರು ಪದರಗಳು ಮೇಲು. ಪದರಗಳ ನಡುವಿನ ಗಾಳಿಯೇ ಶಾಖವನ್ನು ಕಾಯುತ್ತದೆ. ತಲೆಗೆ ಟೋಪಿ, ಕುತ್ತಿಗೆಗೆ ಮಫ್ಲರು ಇರಲಿ. ಕಾಲಿಗೆ ಉಣ್ಣೆಯ ಕಾಲುಚೀಲ, ಪಾದದ ಕೆಳಗೆ ಮರದ ಹಲಗೆ ಅಥವಾ ನಾರಿನ ಚಾಪೆ ಅವಶ್ಯ. ಮುಂಗೈ ಮತ್ತು ಮಣಿಕಟ್ಟನ್ನು ಮುಚ್ಚಿ ಬೆರಳ ತುದಿಗಳನ್ನಷ್ಟೇ ತೆರೆದಿಡುವ ಉಣ್ಣೆಯ ಕೈಗವಸು ಟೈಪು ಮಾಡಲು ಅಡ್ಡಿಯಾಗದು. ಹಳೆಯ ಉಣ್ಣೆಯ ಕಾಲುಚೀಲದ ತುದಿಯನ್ನು ಕತ್ತರಿಸಿ ಮನೆಯಲ್ಲಿಯೇ ಅದನ್ನು ಮಾಡಿಕೊಳ್ಳಬಹುದು. ಆದರೆ ಅದು ಬಿಗಿಯಾಗಿರಕೂಡದು.

ಗಾಜು, ಕಲ್ಲು, ಉಕ್ಕಿನ ಮೇಜುಗಳು ಕೈಯ ಶಾಖವನ್ನು ಬೇಗನೆ ಸೆಳೆಯುತ್ತವೆ. ಮಣಿಕಟ್ಟು ಊರುವ ಜಾಗದಲ್ಲಿ ದಪ್ಪ ಬಟ್ಟೆಯನ್ನು ಹಾಸಬೇಕು. ಮೌಸ್ ಹಿಡಿದ ಕೈ ಅಲುಗದೆ ಇರುವುದರಿಂದ ಅದೇ ಹೆಚ್ಚು ತಣ್ಣಗಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ತೋಳುಗಳನ್ನು ಭುಜದಿಂದ ತಿರುಗಿಸಿದರೆ ರಕ್ತ ಬೆರಳ ತುದಿಯವರೆಗೆ ಹರಿಯುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳುವುದು ಉತ್ತಮ. ಅದರಿಂದ ಮೈಯೂ ಕೈಯೂ ಒಟ್ಟಿಗೆ ಬೆಚ್ಚಗಾಗುತ್ತವೆ. ಮಧುಮೇಹದಿಂದ ಸ್ಪರ್ಶ ಮಂದವಾದವರು ಮಾತ್ರ ಬಿಸಿಯನ್ನು ಇನ್ನೊಬ್ಬರಿಂದ ಪರೀಕ್ಷಿಸಿಕೊಳ್ಳಬೇಕು; ಸುಟ್ಟರೂ ಅವರಿಗೆ ತಿಳಿಯದು.

ಮರಗಟ್ಟಿದ ಕೈಯನ್ನು ಸುಡುನೀರಿನಲ್ಲಿ ಅದ್ದಬಾರದು. ಉಗುರುಬೆಚ್ಚಗಿನ ನೀರು ಸಾಕು. ಕುಲ್ಹಡಿನ ಬಿಸಿ ಚಹಾ ಒಳ್ಳೆಯದೇ. ಅದರ ಜೊತೆಗೆ ಬೀಡಿ, ಸಿಗರೇಟು ಅಥವಾ ಜರ್ದಾ ಬೆರೆಸಿದ ಪಾನ್ ಬೇಡ. ಅವು ಮೈಗೆ ಬಿಸಿ ತರುತ್ತವೆಂಬುದು ಭ್ರಮೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಬೆರಳನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ಇಲ್ಲಿ ಗೃಹಿಣಿಯರ ಮಾತನ್ನು ಮರೆಯಲಾಗದು. ಸಾಮಾನ್ಯವಾಗಿ ಸ್ತ್ರೀಯರ ಕೈಬೆರಳುಗಳು ಪುರುಷರವುಗಳಿಗಿಂತ ಬೇಗ ತಣ್ಣಗಾಗುತ್ತವೆ. ಅಂಥವಳು ಬೆಳಗಿನ ಜಾವ ತಣ್ಣೀರಿನಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಅದೇ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು ಗಣಕಯಂತ್ರದ ಮುಂದೆ ಕುಳಿತರೆ ಆ ಕೈ ಬೆಚ್ಚಗಾಗಲು ಎಷ್ಟು ಹೊತ್ತು ಬೇಕು? ಮನೆಯ ಯಜಮಾನನು ಅವಳಿಗೆ ಕೈಗವಸನ್ನು ಕೊಂಡು ತರುವುದಕ್ಕಿಂತ ಮೊದಲು ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಟ್ಟರೆ ಅಥವಾ ಆ ಪಾತ್ರೆಗಳನ್ನು ತಾನೇ ತೊಳೆದರೆ ಹೆಚ್ಚಿನ ಉಪಕಾರವಾಗುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಚಳಿಗೆ ಬೆರಳುಗಳು ಮೊದಲು ಬೆಳ್ಳಗೆ, ಅನಂತರ ನೀಲಿಗೆ, ಬೆಚ್ಚಗಾದಾಗ ಕೆಂಪಗೆ ತಿರುಗಿ ನೋಯುವುದುಂಟು. ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ಇದನ್ನು ವಿವರಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಬಹುಮಂದಿಯಲ್ಲಿ ಇದು ನಿರುಪದ್ರವಿ. ಕೆಲವರಲ್ಲಿ ಬೇರೆ ರೋಗದ ಸೂಚನೆ. ಒಂದೇ ಕೈ ತಣ್ಣಗಾಗುವುದು, ಬೆರಳ ತುದಿಯಲ್ಲಿ ಹುಣ್ಣಾಗುವುದು, ಬೇಸಿಗೆಯಲ್ಲಿಯೂ ಕೈ ತಣ್ಣಗಿರುವುದು, ರಾತ್ರಿಯ ವೇಳೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ಇವುಗಳಲ್ಲಿ ಯಾವುದಿದ್ದರೂ ಚಳಿಯ ಮೇಲೆ ದೋಷ ಹೊರಿಸಿ ಸುಮ್ಮನಿರಬಾರದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮಣಿಕಟ್ಟಿನಲ್ಲಿ ನರದ ಒತ್ತಡ, ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು ಕೂಡ ಕಾರಣವಾಗಿರಬಹುದು. ಔಷಧವನ್ನು ತಾನೇ ನಿಲ್ಲಿಸದೆ ವೈದ್ಯರನ್ನು ಕೇಳುವುದೇ ಸರಿ.

ಮಹಾನಗರದ ಓದುಗರಿಗೆ ಕಾಶಿಯ ಈ ಚಿಂತೆ ದೂರದ್ದೆಂದು ತೋರಬಹುದು. ಹಾಗಲ್ಲ. ಸೋನಾರ್‌ಪುರದಲ್ಲಿ ಮಂಜು ಮಾಡುವ ಕೆಲಸವನ್ನು ಮಹಾನಗರದ ಕಚೇರಿಗಳಲ್ಲಿ ಹವಾನಿಯಂತ್ರಣ ಯಂತ್ರವು ಮೇ ತಿಂಗಳಿನಲ್ಲಿಯೂ ಮಾಡುತ್ತದೆ. ಅದರ ಗಾಳಿ ನೇರವಾಗಿ ಬೀಳುವ ಮೇಜಿನಲ್ಲಿ ಕುಳಿತವರು ಸಾಮಾನ್ಯವಾಗಿ ಕಿರಿಯ ನೌಕರರು. ಉಷ್ಣತೆಯನ್ನು ನಿರ್ಧರಿಸುವವರು ಬಾಗಿಲು ಮುಚ್ಚಿದ ಬೇರೆ ಕೋಣೆಯಲ್ಲಿರುವವರು. ಸಂಘದ ಸದಸ್ಯರಲ್ಲಿ ಅನೇಕರು ಈಗ ಆ ಎರಡನೆಯ ಕೋಣೆಯನ್ನು ತಲಪಿದ್ದಾರೆ. ಚಳಿಗಾಲದಲ್ಲಿ ಒಂದು ದಿನ ತಮ್ಮ ಸಿಬ್ಬಂದಿಯ ಮೇಜುಗಳ ಬಳಿ ಅರ್ಧ ಗಂಟೆ ಕುಳಿತು ನೋಡುವುದು ಅವರಿಗೆ ಕಷ್ಟವಾಗಲಾರದು. ಮುರಿದ ಕಿಟಕಿಯ ಗಾಜನ್ನು ಹಾಕಿಸುವುದು, ಮೇಜನ್ನು ಬಿಸಿಲಿನ ಕಡೆಗೆ ಸರಿಸುವುದು, ಹತ್ತು ನಿಮಿಷದ ಚಹಾ ವಿರಾಮವನ್ನು ಕದ್ದ ಸಮಯವೆಂದು ಎಣಿಸದಿರುವುದು, ಇವುಗಳಿಗೆ ದೊಡ್ಡ ಮಂಜೂರಾತಿ ಬೇಕಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಇಂದಿನ ದುಡಿಮೆಯಲ್ಲಿ ಕೈ ಕೆಸರಾಗುವುದಿಲ್ಲ, ತಣ್ಣಗಾಗುತ್ತದೆ. ಆದರೂ ಅದು ದುಡಿಯುವ ಕೈಯೇ. ಅದನ್ನು ಬೆಚ್ಚಗಿಡುವ ಹೊಣೆಯು ದುಡಿಯುವವನೊಬ್ಬನದಲ್ಲ. ಅವನಿಂದ ದುಡಿಸಿಕೊಳ್ಳುವವರದೂ ಅವನ ದುಡಿಮೆಯನ್ನು ಉಣ್ಣುವವರದೂ ಆಗಿದೆ.