ಸಣಕಲು ಮೈಗೆ ಶುಗರ್ ಬರೋಲ್ಲವೇ?

‘ನಾನೇನು ದಪ್ಪ ಇದೀನಾ ಸ್ವಾಮಿ, ನನಗೆಲ್ಲಿ ಶುಗರ್ರು?’ ಗಲ್ಲಾ ಮುಂದೆ ಕೂತ ಅಂಗಡಿಯವರು, ಬಸ್ಸಿಗೆ ಕಾಯುವ ಗುಮಾಸ್ತರು ಆಡುವ ಮಾತಿದು. ಈ ಧೈರ್ಯಕ್ಕೆ ಬುಡವಿಲ್ಲ. ಬಿಳಿಯರ ಮೈಗೆ ಹೊಲಿದ ಅಳತೆ ಈ ಕಡೆಯವರ ಮೈಗೆ ಕೂರುವುದಿಲ್ಲ.

ಬ್ರಿಟನ್ನಿನಲ್ಲಿ ನೆಲೆಸಿರುವ ಭಾರತ, ಪಾಕಿಸ್ತಾನ, ಬಾಂಗ್ಲಾ ಮೂಲದವರಿಗೆ ಸಕ್ಕರೆ ಕಾಯಿಲೆ ಅಲ್ಲಿನ ಬಿಳಿಯರಿಗಿಂತ 2ರಿಂದ 4 ಪಟ್ಟು ಹೆಚ್ಚು. ಬರುವುದೂ ಚಿಕ್ಕ ವಯಸ್ಸಿಗೇ. ತೂಕ ಕಡಿಮೆಯಿದ್ದರೂ ಕೊಬ್ಬೆಲ್ಲ ಹೊಟ್ಟೆಯ ಸುತ್ತ, ಈಲಿಯ ಒಳಗೆ ಸೇರಿಕೊಳ್ಳುವುದು ಇದಕ್ಕೊಂದು ಕಾರಣ. ಎತ್ತರಕ್ಕೆ ತಕ್ಕ ತೂಕ ನೋಡುವ ಬಿಎಂಐ ಲೆಕ್ಕದಲ್ಲಿ ಬಿಳಿಯರಿಗೆ 25 ದಾಟಿದರೆ ಎಚ್ಚರಿಕೆ, 30 ದಾಟಿದರೆ ಅಪಾಯ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2013ರಲ್ಲಿ ದಕ್ಷಿಣ ಏಷ್ಯಾದವರ ಮಟ್ಟಿಗೆ ಈ ಗೆರೆಗಳನ್ನು 23 ಮತ್ತು 27.5ಕ್ಕೆ ಇಳಿಸಿತು. ಅಮೆರಿಕದ ಮಧುಮೇಹ ಸಂಘವೂ 2015ರಲ್ಲಿ ಏಷ್ಯಾ ಮೂಲದವರನ್ನು 23ಕ್ಕೇ ಪರೀಕ್ಷೆಗೆ ಕರೆಯಬೇಕು ಅಂದಿತು. ಜನ ನೋಡಿ ಅಳತೆ ಬದಲಿಸುವುದೇ ಯೋಜನೆ ಅನ್ನೋದು.

ಇಲ್ಲಿ ಅಳತೆಗೇನೂ ಕೊರತೆಯಿಲ್ಲ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಹುಷಾರಾಗಬೇಕು. ಬಟ್ಟೆ ಅಂಗಡಿಯವರ ಕೊರಳಲ್ಲೇ ಟೇಪಿದೆ, ಒಮ್ಮೆ ತಮಗೇ ಸುತ್ತಿಕೊಳ್ಳಲಿ! ಕೊರತೆ ಇರುವುದು ಹೊತ್ತಿನದು. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು 30 ದಾಟಿದವರ ಶುಗರ್, ಬಿ.ಪಿ. ನೋಡುತ್ತಾರೆ. ಒಳ್ಳೆಯದೇ. ಆದರೆ ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಅಂಗಡಿಯವನು ಬೆಳಿಗ್ಗೆ ಎಂಟಕ್ಕೆ ಹೊರಟರೆ ಶಟರ್ ಎಳೆಯುವುದು ರಾತ್ರಿ ಒಂಬತ್ತೂವರೆಗೆ. ಏಳರ ಬಸ್ಸು ಹತ್ತಿದವನು ತಿರುಗಿ ಬರುವಾಗ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೀಗ. ದಿನವಿಡೀ ಕೂತೇ ದುಡಿಯುವ, ಗಂಟೆಗೊಂದು ಸಿಹಿ ಟೀ ಕುಡಿಯುವ ಈ ಮಂದಿಯೇ ಲೆಕ್ಕದಿಂದ ತಪ್ಪಿಹೋಗುತ್ತಾರೆ. ತಪ್ಪಿದವರು ಕಾಲಿನ ಹುಣ್ಣು ಮಾಯದೆ, ಕಣ್ಣು ಮಂಜಾಗಿ, ಕಿಡ್ನಿ ಕೈಕೊಟ್ಟ ಮೇಲೆ ಆಸ್ಪತ್ರೆ ಹುಡುಕುತ್ತಾರೆ. ಆಗ ಅಂಗಡಿಯೇ ಅಡವಿಗೆ.

ಮೊದಲ ಸುತ್ತಿನ ತಪಾಸಣೆಗೆ ಬೆರಳ ತುದಿಯ ಒಂದು ತೊಟ್ಟು ರಕ್ತ ಸಾಕು, ತಿಂಡಿ ಆಗಿದ್ದರೂ ನಡೆಯುತ್ತದೆ. ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಒಂದು ಮೇಜು, ಇಬ್ಬರು ಸಿಬ್ಬಂದಿ. ಪೇಟೆ ಬೀದಿಗೆ ವಾರದ ರಜೆಯ ದಿನ ಒಂದು ಸುತ್ತು. ಜಿಲ್ಲಾ ಆರೋಗ್ಯಾಧಿಕಾರಿಗಳೂ ನಗರಸಭೆಯೂ ಒಟ್ಟಿಗೆ ಕೂತರೆ ಮುಂದಿನ ತಿಂಗಳೇ ಇದನ್ನು ಶುರು ಮಾಡಬಹುದು. ವರ್ತಕರ ಸಂಘ ಮೇಜು, ಕುರ್ಚಿ ಕೊಡಲಿ.