ಬಿಟ್ಟು ಹೋದದ್ದು ಯಾರು?

ಹೈದರಾಬಾದಿನ ಮೌಲಾ ಅಲಿ ಗುಡ್ಡದ ಬುಡದಲ್ಲಿ ಮಹ್ ಲಕಾ ಬಾಯಿ ಚಂದಾಳ ಸಮಾಧಿಯಿದೆ. 1792ರಲ್ಲಿ ತಾಯಿಗಾಗಿ ತಾನೇ ಕಟ್ಟಿಸಿದ ಆ ಆವರಣದಲ್ಲೇ 1824ರಲ್ಲಿ ಆಕೆಯನ್ನೂ ಮಣ್ಣು ಮಾಡಿದರು. ನಿಜಾಮರ ಆಸ್ಥಾನದಲ್ಲಿ ಹಾಡುತ್ತ, ಕುಣಿಯುತ್ತ 125 ಗಜಲುಗಳ ದಿವಾನ್ ಬರೆದಿಟ್ಟುಹೋದ ಉರ್ದು ಕವಿ ಆಕೆ.

ಆ ಗಜಲುಗಳನ್ನು ಕನ್ನಡಕ್ಕೆ ತರಲು ಕೂತರೆ ಮೊದಲ ಸಾಲಿನಲ್ಲೇ ತೊಡಕು. ಉರ್ದುವಿನ 'ವೊ'ಗೆ ಲಿಂಗವಿಲ್ಲ. ಕ್ರಿಯಾಪದ ಪುಲ್ಲಿಂಗದಲ್ಲಿರುತ್ತದೆ ನಿಜ, ಆದರೆ ಅದು ಗಜಲಿನ ಸಂಪ್ರದಾಯ. ಬರೆದವರು ಗಂಡಾದರೂ ಹೆಣ್ಣಾದರೂ ಅಷ್ಟೇ. ಕನ್ನಡ ಮಾತ್ರ 'ಅವನೋ, ಅವಳೋ, ಹೇಳು' ಎಂದು ಪಟ್ಟು ಹಿಡಿಯುತ್ತದೆ. ಅನುವಾದಕರ ಬಳಿ ಸಿದ್ಧ ಉತ್ತರವಿದೆ: ಕವಿ ಗಂಡಾದರೆ 'ಅವಳು', ಹೆಣ್ಣಾದರೆ 'ಅವನು'. ನಾನೂ ಬಹುಕಾಲ ಹಾಗೆಯೇ ಮಾಡಿದೆ. ಅದು ತಪ್ಪು ಎಂದು ಈಗ ಅನ್ನಿಸುತ್ತದೆ.

ಗಜಲಿನ ಪ್ರಿಯ ಯಾರು ಬೇಕಾದರೂ ಆಗಬಹುದು: ಹೆಣ್ಣು, ಗಂಡು, ದೊರೆ, ದೇವರು. ಚಂದಾಳ ಗಜಲು ಕೊನೆಗೆ ಹಜರತ್ ಅಲಿಯ ಹೆಸರಿಗೆ ಬಂದು ನಿಲ್ಲುತ್ತದೆ. 'ಅವನು' ಎಂದು ಬರೆದ ಕೂಡಲೇ ಇಷ್ಟೆಲ್ಲ ಹೋಗಿ, ಗಂಡಸಿಗಾಗಿ ಕಾದು ಕೂತ ನರ್ತಕಿಯೊಬ್ಬಳು ಮಾತ್ರ ಉಳಿಯುತ್ತಾಳೆ.

ಟ್ಯಾಂಗೋ ಹಾಡುಗಳಲ್ಲಿ ಈ ಕಷ್ಟ ಕಡಿಮೆ. 1917ರಲ್ಲಿ ಕಾರ್ಲೋಸ್ ಗಾರ್ದೆಲ್ ಹಾಡಿದ, ಪಾಸ್ಕುವಾಲ್ ಕೊಂತುರ್ಸಿಯ 'ಮಿ ನೋಚೆ ತ್ರಿಸ್ತೆ' (ನನ್ನ ದುಃಖದ ರಾತ್ರಿ) ಬಂದ ಮೇಲೆ, ಕುಣಿತದ ಟ್ಯಾಂಗೋ ಕಳೆದುಹೋದ ಪ್ರೀತಿಯ ಹಾಡೂ ಆಯಿತು. ಬಿಟ್ಟು ಹೋದವಳು ಅವಳು, ಕೋಣೆಯಲ್ಲಿ ಉಳಿದವನು ಅವನು. ಕೇಳುವವರ ಮರುಕವೆಲ್ಲ ಅವನಿಗೆ. ಅವಳೇನು ಹೇಳುತ್ತಿದ್ದಳೋ, ಹಾಡಿನಲ್ಲಿ ಅದಕ್ಕೆ ಜಾಗವಿಲ್ಲ.

ಗಜಲಿಗೆ ನನ್ನ ಸಲಹೆ ಇಷ್ಟೇ: ಸಾಧ್ಯವಾದಲ್ಲೆಲ್ಲ 'ನೀನು' ಎನ್ನಿ. ಪ್ರಿಯರ ಬಗ್ಗೆ ಆಡಿದ ಮಾತು ಆಗ ಪ್ರಿಯರಿಗೇ ಆಡಿದಂತಾಗುತ್ತದೆ. ಬೇರೆಯವರ ಮುಂದೆ ದೂರುವ ಧಾಟಿ ಸ್ವಲ್ಪ ಕೈತಪ್ಪುತ್ತದೆ. ಆ ನಷ್ಟ ನನಗೆ ಒಪ್ಪಿಗೆ. ವಚನಕಾರರು ದೇವರನ್ನು ಕರೆದದ್ದೂ 'ನೀನು' ಎಂದೇ, ನಾವು ಗೆಳೆಯರನ್ನು ಕರೆಯುವುದೂ ಹಾಗೆಯೇ. ಲಿಂಗ ಕೇಳದೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಪದ ಅದು.

ಇನ್ನೊಂದು ಲಾಭವೂ ಇದೆ. ನಮ್ಮ ಆಡುಮಾತಿನಲ್ಲಿ 'ಹೋದೆ' ಎಂದರೆ ನಾನು ಹೋದೆ, ನೀನು ಹೋದೆ, ಎರಡೂ. ನಾನಿರುವ ಬೀದಿಯ ತೆಲುಗಿನಲ್ಲಿ 'ವೆಳ್ಳಾನು' ಬೇರೆ, 'ವೆಳ್ಳಾವು' ಬೇರೆ. 'ಹೋದೆನು' ಎಂದರೆ ನಮ್ಮಲ್ಲೂ ಗೊಂದಲವಿಲ್ಲ. ಆದರೆ ಹಾಗೆ ಯಾರು ಮಾತಾಡುತ್ತಾರೆ?

ಕೆಲವು ವರ್ಷಗಳ ಹಿಂದೆ, ಹತ್ತಿರದವರೊಬ್ಬರ ಜೊತೆ ಮಾತು ನಿಂತು ಹೋದಾಗ, ಫೋನಿಗೆ ಎರಡೇ ಪದಗಳ ಸಂದೇಶ ಬಂತು: 'ಹೇಳದೆ ಹೊರಟುಬಿಟ್ಟೆ.' ನನ್ನ ಮೇಲಿನ ಆರೋಪ ಎಂದುಕೊಂಡು ಸಿಟ್ಟಿನಿಂದ ಉತ್ತರಿಸದೆ ಬಿಟ್ಟೆ. ವ್ಯಾಕರಣ ಓದಿದ ನನಗೆ, ಅದು ಅವರ ತಪ್ಪೊಪ್ಪಿಗೆಯೂ ಆಗಿರಬಹುದಿತ್ತು ಎಂದು ಹೊಳೆದದ್ದು ಚಂದಾಳ ಸಾಲೊಂದನ್ನು ತಿದ್ದುತ್ತಿದ್ದಾಗ, ತುಂಬ ತಡವಾಗಿ.

ಆ ಸಾಲಿನಲ್ಲಿ ಈಗ 'ಹೋದೆ' ಎಂದಷ್ಟೇ ಇದೆ. ಯಾರು ಎಂದು ನಾನು ಸೇರಿಸಿಲ್ಲ.