ಒಡೆದ ಮುಂಗಾಜು ಮತ್ತು ಹೆದರಿಕೆಯ ವ್ಯಾಪಾರ



ಕಾರಿನ ಮುಂಗಾಜು ಒಡೆದಾಗ ಅದನ್ನು ಎಲ್ಲಿ ಹಾಕಿಸಬೇಕು, ವಿಮೆಯ ಹಣ ಕೇಳಬೇಕೇ ಬೇಡವೇ ಎಂಬುದು ನಿವೃತ್ತ ಗಣಿತದ ಮೇಷ್ಟ್ರು ಬರೆಯಬೇಕಾದ ವಿಷಯವೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಇದರಲ್ಲಿ ಗಣಿತವೂ ಇದೆ, ನಾಗರಿಕನ ಹಕ್ಕಿನ ಪಾಠವೂ ಇದೆ. ಈ ಎರಡನ್ನೂ ನಮ್ಮ ಜನ ಮರೆತಿರುವುದರಿಂದಲೇ ಕೆಲವರ ಗಲ್ಲಾಪೆಟ್ಟಿಗೆ ತುಂಬುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಜಿಲ್ಲೆಯ ರಸ್ತೆಗಳನ್ನು ನಾನು ವರ್ಣಿಸಬೇಕಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳತ್ತ ಸಾಗುವ ಲಾರಿಗಳು, ಟ್ರ್ಯಾಕ್ಟರುಗಳು. ವರ್ಷವಿಡೀ ಹೊದಿಕೆಯಿಲ್ಲದೆ ಜಲ್ಲಿ ಚೆಲ್ಲುತ್ತ ಓಡುವ ಟಿಪ್ಪರುಗಳು. ಇದರ ಮೇಲೆ 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ವೇಗ ಹೆಚ್ಚಿದಂತೆ ಮುಂದಿನ ಗಾಡಿಯ ಚಕ್ರದಿಂದ ಸಿಡಿಯುವ ಕಲ್ಲಿನ ಪೆಟ್ಟೂ ಹೆಚ್ಚು. ಹೀಗಾಗಿ ಮದ್ದೂರು, ಮಳವಳ್ಳಿಯ ಕಡೆಯಿಂದ ‘ಮೇಷ್ಟ್ರೇ, ಗಾಜು ಹೋಯಿತು, ಏನು ಮಾಡಲಿ?’ ಎಂಬ ದೂರವಾಣಿ ಕರೆ ನನಗೆ ಆಗಾಗ ಬರುತ್ತಲೇ ಇರುತ್ತದೆ.

ಕಳೆದ ವರ್ಷ ಮಳವಳ್ಳಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವನು, ಮದುವೆಯ ದಿನಗಳಲ್ಲಿ ಇದೇ ಸಂಕಟಕ್ಕೆ ಸಿಕ್ಕಿದ. ಶೋರೂಮಿನಲ್ಲಿ ಅವನಿಗೆ ಮೂರು ಮಾತು ಹೇಳಿದರಂತೆ: ಗಾಜು ತರಿಸಲು ನಾಲ್ಕು ದಿನ ಬೇಕು, ಹೊರಗೆ ಹಾಕಿಸಿದರೆ ಇಡೀ ಗಾಡಿಯ ವಾರಂಟಿ ರದ್ದಾಗುತ್ತದೆ, ಹೊರಗಿನ ಬಿಲ್ಲಿಗೆ ವಿಮೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: ‘ಕೊನೆಯ ಎರಡು ಮಾತುಗಳನ್ನು ಕಾಗದದಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಿ ಎಂದು ಕೇಳು.’ ಕೇಳಿದ. ಯಾರೂ ಬರೆದುಕೊಡಲಿಲ್ಲ. ಬಾಯಲ್ಲಿ ಹೇಳಲು ಧೈರ್ಯವಿದ್ದು ಬರೆದುಕೊಡಲು ಧೈರ್ಯವಿಲ್ಲದ ಮಾತಿಗೆ ಬೆಲೆ ಎಷ್ಟು ಎಂದು ನೀವೇ ಯೋಚಿಸಿ. ಹೆದರಿದವನ ಮೇಲೆ ಹಾವು ಎಸೆಯುವುದು ಎಂದರೆ ಇದೇ.

ವಾರಂಟಿಯ ಬೆದರಿಕೆ ಹೊಸದಲ್ಲ. ಭಾರತೀಯ ಸ್ಪರ್ಧಾ ಆಯೋಗವು 2011ರಲ್ಲಿ ತನ್ನ ಮುಂದೆ ಬಂದ ದೂರನ್ನು ವಿಚಾರಿಸಿ, 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ಬಿಡಿಭಾಗಗಳು ಮತ್ತು ತಪಾಸಣಾ ಉಪಕರಣಗಳು ಸ್ವತಂತ್ರ ದುರಸ್ತಿಗಾರರಿಗೆ ಸಿಗದಂತೆ ಮಾಡಿ, ಗ್ರಾಹಕನನ್ನು ತಮ್ಮ ಅಂಗಡಿಗೇ ಕಟ್ಟಿಹಾಕಿದ್ದು ಅವರ ಮೇಲಿನ ಆರೋಪ. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಸಾರಾಸಗಟಾಗಿ ರದ್ದು ಎಂಬ ಷರತ್ತು ಹಾಕಕೂಡದೆಂದು ಆಯೋಗ ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೂರು ಕಂಪನಿಗಳ ವಿಷಯದಲ್ಲಿ ದಂಡವನ್ನು ತಗ್ಗಿಸಿತಾದರೂ ತಪ್ಪು ತಪ್ಪೇ ಎಂದಿತು. ಹೊರಗಿನವನ ಕೆಟ್ಟ ಕೆಲಸದಿಂದ ಹಾಳಾದ ಭಾಗಕ್ಕೆ ವಾರಂಟಿ ಕೇಳಲಾಗದು, ಅದು ನ್ಯಾಯ. ಆದರೆ ಗಾಜು ಬದಲಾಯಿಸಿದ್ದಕ್ಕೆ ಎಂಜಿನ್ನಿನ ವಾರಂಟಿ ಹೋಗುತ್ತದೆ ಎನ್ನುವುದು, ಪಾದರಕ್ಷೆ ಬದಲಿಸಿದವನಿಗೆ ಕನ್ನಡಕದ ಖಾತರಿ ಇಲ್ಲ ಎಂದಂತೆ.

ಇನ್ನು ‘ಕಂಪನಿ ಗಾಜು’ ಎಂಬ ಮಂತ್ರ. ಕಾರು ಕಂಪನಿಗಳು ಗಾಜನ್ನು ತಾವೇ ಕಾಯಿಸಿ ಎರೆಯುವುದಿಲ್ಲ. ಅಸಾಹಿ ಇಂಡಿಯಾ, ಸೇಂಟ್ ಗೋಬೇನ್‌ನಂಥ ಗಾಜು ತಯಾರಕರಿಂದ ಕೊಳ್ಳುತ್ತವೆ. ಅದೇ ತಯಾರಕರು ಬದಲಿ ಗಾಜನ್ನು ಹೊರಗಿನ ಮಾರುಕಟ್ಟೆಗೂ ಕಳಿಸುತ್ತಾರೆ. ಆದುದರಿಂದ ನೋಡಬೇಕಾದದ್ದು ಅಂಗಡಿಯ ಫಲಕವನ್ನಲ್ಲ, ಗಾಜಿನ ಮೂಲೆಯಲ್ಲಿರುವ ಮುದ್ರೆಯನ್ನು: ತಯಾರಕರ ಹೆಸರು, ಐಎಸ್‌ಐ ಗುರುತು, ಐಎಸ್ 2553 ಎಂಬ ಮಾನಕದ ಸಂಖ್ಯೆ, ಲ್ಯಾಮಿನೇಟೆಡ್ ಎಂಬ ಬರಹ. ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆ ಇಟ್ಟು ಬೆಸೆದ ಇಂಥ ಗಾಜು ಒಡೆದರೂ ಚೂರುಗಳು ಕಣ್ಣಿಗೆ ಹಾರುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಕಾರಿನ ಮುಂಗಾಜಿಗೆ ಇದನ್ನೇ ಕಡ್ಡಾಯಗೊಳಿಸಿದೆ.

ಹಾಗೆಂದು ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದನ್ನು ಅಂಟಿಸಿಕೊಂಡು ಬನ್ನಿ ಎಂದು ನಾನು ಹೇಳುತ್ತಿಲ್ಲ. ಕಾಸಿಗೆ ತಕ್ಕ ಕಜ್ಜಾಯ! ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಉಬ್ಬುವಾಗ ಅನೇಕ ಕಾರುಗಳಲ್ಲಿ ಅದಕ್ಕೆ ಆಸರೆಯಾಗುವುದು ಈ ಗಾಜೇ. ಅಂಟು ಸರಿಯಿಲ್ಲದಿದ್ದರೆ ಗಾಜು ಹೊರಕ್ಕೆ ಹಾರುತ್ತದೆ, ಚೀಲ ನಿಷ್ಪ್ರಯೋಜಕವಾಗುತ್ತದೆ. ಹಳೆಯ ಅಂಟನ್ನು ಹೆರೆದು, ಪ್ರೈಮರ್ ಬಳಿದು, ಯುರಿಥೇನ್ ಅಂಟು ಹಾಕಿ, ಅದು ಗಟ್ಟಿಯಾಗುವ ತನಕ ಗಾಡಿ ನಿಲ್ಲಿಸುವ ತಾಳ್ಮೆ ಯಾರಿಗಿದೆಯೋ ಅವನೇ ಒಳ್ಳೆಯ ಕೆಲಸಗಾರ. ಅವನು ಶೋರೂಮಿನಲ್ಲೂ ಇರಬಹುದು, ಮಂಡ್ಯದ ಒಂದು ಸಣ್ಣ ಅಂಗಡಿಯಲ್ಲೂ ಇರಬಹುದು. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಹೊಸ ಬಗೆಯ ಕಾರುಗಳಲ್ಲಿ ಮಾತ್ರ, ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾಗುವುದರಿಂದ, ಆ ಉಪಕರಣ ಇರುವಲ್ಲಿಗೇ ಹೋಗುವುದು ವಿವೇಕ. ಹೆಚ್ಚು ಹಣ ಕೊಡಲು ಇದು ಸಕಾರಣ, ಹೆದರಿಕೆ ಸಕಾರಣವಲ್ಲ.

ಈಗ ವಿಮೆಗೆ ಬರೋಣ. ಕಾನೂನು ಕಡ್ಡಾಯಗೊಳಿಸಿರುವ ಥರ್ಡ್ ಪಾರ್ಟಿ ವಿಮೆ ನಿಮ್ಮ ಗಾಜಿಗೆ ಏನನ್ನೂ ಕೊಡುವುದಿಲ್ಲ. ಸ್ವಂತ ಹಾನಿಯನ್ನೂ ಒಳಗೊಂಡ ವಿಮೆ ಇದ್ದರೆ ಮಾತ್ರ ಕೊಡುತ್ತದೆ. ಅದರಲ್ಲಿ ಗಾಜಿಗೆ ಸವಕಳಿಯ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಡಿತ. ಖಾಸಗಿ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಮೊತ್ತ 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟರೆ 2,000. ಹೊರಗಿನ ಅಂಗಡಿಯಲ್ಲಿ ಹಾಕಿಸಿದರೂ ಹಣ ಕೇಳುವ ಹಕ್ಕು ನಿಮಗಿದೆ. ಆದರೆ ಕೆಲಸಕ್ಕೆ ಮೊದಲೇ ಕಂಪನಿಗೆ ತಿಳಿಸಿ, ಅವರ ಪರಿಶೀಲನೆ ಮುಗಿದ ಮೇಲೆ, ಪಕ್ಕಾ ಬಿಲ್ಲು ಪಡೆಯಬೇಕು. ಮೊದಲು ನಾವು ಹಣ ಕಟ್ಟಿ ಆಮೇಲೆ ವಾಪಸು ಪಡೆಯಬೇಕು, ಅಷ್ಟೇ ವ್ಯತ್ಯಾಸ.

ಹಕ್ಕಿದೆಯೆಂದು ಕಣ್ಣುಮುಚ್ಚಿ ಕೇಳುವುದೂ ಜಾಣತನವಲ್ಲ. ಸ್ಲೇಟು ಹಿಡಿಯಿರಿ. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ, ಐದು ವರ್ಷ ಹಣ ಕೇಳದೆ ಗಳಿಸಿದ ನೋ ಕ್ಲೇಮ್ ಬೋನಸ್ ಶೇ. 50 ಎಂದಿಟ್ಟುಕೊಳ್ಳಿ. ಗಾಜಿನ ಖರ್ಚು 6,000. ಹಣ ಕೇಳಿದರೆ ಸಾವಿರ ಕಳೆದು 5,000 ಸಿಗುತ್ತದೆ. ಮರುವರ್ಷ ಬೋನಸ್ ಸೊನ್ನೆ. ಅನಂತರ ಕ್ರಮವಾಗಿ 20, 25, 35, 45. ನೀವು ಹೆಚ್ಚಾಗಿ ಕಟ್ಟುವುದು 4,000, 2,400, 2,000, 1,200, 400. ಕೂಡಿಸಿದರೆ 10,000 ರೂಪಾಯಿ! ವರ್ಷ ಕಳೆದಂತೆ ಪ್ರೀಮಿಯಂ ಸ್ವಲ್ಪ ಇಳಿದರೂ ಲೆಕ್ಕದ ದಿಕ್ಕು ಬದಲಾಗದು. ಮೂಗಿಗಿಂತ ಮೂಗುತಿ ಭಾರ. ಬೋನಸ್ ಇನ್ನೂ ಇಲ್ಲದವನಿಗೆ, ಬೋನಸ್ ರಕ್ಷಣೆಯ ಹೆಚ್ಚುವರಿ ಕರಾರು ಕೊಂಡವನಿಗೆ, ಮೂವತ್ತು ನಲವತ್ತು ಸಾವಿರದ ಗಾಜಿನವನಿಗೆ ಉತ್ತರ ಬೇರೆ. ‘ವಿಮೆ ಇದೆಯಲ್ಲ ಸಾರ್, ನಿಮಗೇನು ಖರ್ಚು?’ ಎನ್ನುವವರು ಈ ಲೆಕ್ಕವನ್ನು ಎಂದೂ ಬಿಡಿಸಿ ತೋರಿಸುವುದಿಲ್ಲ, ಏಕೆಂದರೆ ಬಿಲ್ಲು ಅವರದು, ಬೋನಸ್ ನಿಮ್ಮದು.

ಇನ್ನೊಂದು ಸಣ್ಣ ಮಾತು. ಫಾಸ್ಟ್ಯಾಗ್ ಅಂಟಿರುವುದು ಇದೇ ಗಾಜಿಗೆ. ಗಾಜಿನೊಡನೆ ಅದೂ ಹೋಗುತ್ತದೆ. ಹೊಸದನ್ನು ಬ್ಯಾಂಕಿನಿಂದ ಪಡೆಯದೆ ಗಣಂಗೂರು ಟೋಲ್ ತಲುಪಿ ಪರದಾಡಬೇಡಿ.

ನ್ಯಾಯವಾದ ಹಣವನ್ನು ವಿಮಾ ಕಂಪನಿ ನಿರಾಕರಿಸಿದರೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ, ಶುಲ್ಕವಿಲ್ಲ. ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗವೂ ಇದೆ.

ನನ್ನ ಆ ವಿದ್ಯಾರ್ಥಿಯ ಮದುವೆ ಕಾಲದ ನಾಲ್ಕು ದಿನದ ದುಡಿಮೆ ಎಂದರೆ ಮಕ್ಕಳ ಶಾಲೆಯ ಶುಲ್ಕ. ಅದನ್ನು ಕಸಿಯಲು ಹೊರಟದ್ದು ಕಲ್ಲಲ್ಲ, ಆಧಾರವಿಲ್ಲದ ಎರಡು ವಾಕ್ಯ. ಆದ್ದರಿಂದ ಮಕ್ಕಳೇ, ಬಂಧುಗಳೇ, ಮುಂದಿನ ಬಾರಿ ಯಾರಾದರೂ ಹೆದರಿಸಿದರೆ ಲೇಖನಿ ಮುಂದೆ ಚಾಚಿ, ‘ಬರೆದುಕೊಡಿ’ ಎನ್ನಿ. ಆಮೇಲೆ ಮನೆಗೆ ಬಂದು ನಿಮ್ಮ ವಿಮೆಯ ಕರಾರುಪತ್ರವನ್ನು ತೆರೆದು ಓದಿ, ಲೆಕ್ಕ ಹಾಕಿ. ನಿರ್ಧಾರ ನಿಮ್ಮದೇ ಆಗಿರಲಿ.